ಪೆಟ್ಟಿಗೆಗೂ ಒಂದು ಪಾಸು

ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಮೇಜಿನ ಮೇಲೆ ಒಂದು ಯಂತ್ರವಿದೆ. ಪುಸ್ತಕದ ಬೆನ್ನಿಗೆ ಅಂಟಿಸಿದ ಪಟ್ಟಿಯನ್ನು ಅದಕ್ಕೆ ತೋರಿಸಿದರೆ ಸಣ್ಣದೊಂದು ಕೂಗು ಹಾಕುತ್ತದೆ. ಎಷ್ಟೋ ವರ್ಷ ಆ ಸದ್ದು ನನ್ನ ಕಿವಿಗೆ ಬಿದ್ದದ್ದೇ ಗೊತ್ತಿರಲಿಲ್ಲ. ಈಗ ಕೇಳಿದಾಗಲೆಲ್ಲ ಕೈ ನಿಂತುಬಿಡುತ್ತದೆ. ಎದುರಿಗಿರುವ ಹುಡುಗಿ "ಮೇಡಂ?" ಎನ್ನುತ್ತಾಳೆ. ಪುಸ್ತಕ ಕೊಡುತ್ತೇನೆ. ಅಷ್ಟರೊಳಗೆ ನನ್ನ ಕಣ್ಣ ಮುಂದೆ ಬಸ್ಸು ಬಂದಿರುತ್ತದೆ, ಅದರೆದುರು ಒಬ್ಬ ಮುದುಕರು ತಿರುಗಿ ನನ್ನನ್ನು ನೋಡಿರುತ್ತಾರೆ, ರಸ್ತೆಯ ಮೇಲೆ ಹೊಲಿಗೆ ಯಂತ್ರದ ಬಾಬಿನ್‌ಗಳು ಉರುಳಿರುತ್ತವೆ.

ನಾನು ಉಣಕಲ್ಲಿನವಳು. ದಿನವೂ ಬೆಳಿಗ್ಗೆ ಕಾಲೇಜಿಗೆಂದು ಧಾರವಾಡಕ್ಕೆ ಹೋಗುತ್ತೇನೆ. ನಮ್ಮ ಬಸ್ ನಿಲ್ದಾಣ ರಸ್ತೆಯ ನಟ್ಟ ನಡುವೆ ಇದೆ. ಸಿಗ್ನಲ್ ನೋಡಿ, ಬಸ್ಸುಗಳಿಗಷ್ಟೇ ಮೀಸಲಾದ ದಾರಿಯನ್ನು ದಾಟಿ, ಇಳಿಜಾರು ಹತ್ತಿ ಹೋದರೆ ಸಾಲಾಗಿ ಸಣ್ಣ ಗೇಟುಗಳು. ಪಾಸಿನ ಕಾರ್ಡನ್ನು ಯಂತ್ರದ ಹತ್ತಿರ ಹಿಡಿದರೆ ಒಂದು ಸದ್ದು, ಹಸಿರು ದೀಪ. ಎರಡು ಗಾಜಿನ ರೆಕ್ಕೆಗಳು ಸರಿದು ದಾರಿ ಬಿಡುತ್ತವೆ. ಒಬ್ಬರು ದಾಟುವಷ್ಟು ಹೊತ್ತು ಮಾತ್ರ. ಇದು ಶುರುವಾದ ಹೊಸದರಲ್ಲಿ ಎಲ್ಲರೂ ಅಂಜಿಕೊಂಡೇ ದಾಟುತ್ತಿದ್ದೆವು. ಆಮೇಲೆ ಯಾರೂ ಅದರತ್ತ ನೋಡುವುದನ್ನೂ ಬಿಟ್ಟರು. ಒಬ್ಬರು ಮಾತ್ರ ಕೊನೆಯವರೆಗೂ ಅಂಜುತ್ತಿದ್ದರು. ಅವರು ನಮ್ಮ ಚಾಚಾ.

ಚಾಚಾ ಹೊಲಿಗೆ ಯಂತ್ರ ರಿಪೇರಿ ಮಾಡುವವರು. ಧಾರವಾಡದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಒಂದು ಕ್ಲಾಸಿದೆ. ಅಲ್ಲಿಯ ಯಂತ್ರಗಳನ್ನೆಲ್ಲ ನೋಡಿಕೊಳ್ಳುತ್ತಿದ್ದರು. ಅದೇ ಕ್ಲಾಸಿನಲ್ಲಿ ಅವರ ಹೆಂಡತಿ ಕಾಜಾ ತೆಗೆಯುವುದು, ಗುಂಡಿ ಹಚ್ಚುವುದು ಕಲಿಸುತ್ತಿದ್ದರು. ನಾನು ಅವರನ್ನು ಚಾಚಿ ಎನ್ನುತ್ತಿದ್ದೆ. ಇಬ್ಬರೂ ಕೂಡಿಯೇ ಬರುವುದು, ಕೂಡಿಯೇ ಹೋಗುವುದು. ಚಾಚಾನ ಕೈಯಲ್ಲಿ ಸದಾ ಒಂದು ತಗಡಿನ ಪೆಟ್ಟಿಗೆ. ಒಮ್ಮೆ ಆ ಗಾಜಿನ ರೆಕ್ಕೆಗಳು ಪೆಟ್ಟಿಗೆಯ ಮೇಲೆಯೇ ಮುಚ್ಚಿಕೊಂಡು, ಅವರು ಗಾಬರಿಯಾಗಿ ಅದನ್ನು ಅಲ್ಲೇ ಬಿಟ್ಟು ಹಿಂದೆ ಸರಿದಿದ್ದರಂತೆ. ಅಂದಿನಿಂದ ಅವರಿಬ್ಬರದೂ ಒಂದು ರೂಢಿ. ಚಾಚಿ ಮೊದಲು ತಮ್ಮ ಕಾರ್ಡು ಹಚ್ಚುತ್ತಿದ್ದರು. ಗೇಟು ತೆರೆಯುತ್ತಲೇ ಚಾಚಾನ ಕೈಯಿಂದ ಪೆಟ್ಟಿಗೆ ಇಸಿದುಕೊಂಡು ಒಳಗೆ ಹೋಗಿ, ತಿರುಗಿ ನಿಂತು ಕರೆಯುತ್ತಿದ್ದರು: "ಬರ್ರಿ ಇನ್ನ. ಏನೂ ಆಗಂಗಿಲ್ಲ, ಬರ್ರಿ." ಚಾಚಾ ಆಗ ತಮ್ಮ ಕಾರ್ಡು ಹಚ್ಚಿ, ನೀರಿಗೆ ಇಳಿಯುವವರಂತೆ ಉಸಿರು ಹಿಡಿದು ದಾಟುತ್ತಿದ್ದರು.

"ಊರಾಗಿನ ಮಷೀನೆಲ್ಲಾ ಬಿಚ್ಚಿ ಕೂಡಿಸ್ಯಾರ," ಎಂದು ಚಾಚಿ ನನಗೆ ಕೇಳಿಸುವಂತೆ ಹೇಳುತ್ತಿದ್ದರು. "ಈ ಎರಡು ಗಾಜಿಗೆ ಅಂಜತಾರ ನೋಡ್ರಿ ಬಾಯಾರ."

"ಹೊಲಿಗಿ ಮಷೀನಿಗೆ ನಾ ಹೇಳಿದ್ದು ತಿಳೀತೈತಿ," ಎನ್ನುತ್ತಿದ್ದರು ಚಾಚಾ. "ಇದು ನಿನ್ನಂಗ. ಯಾರ ಮಾತೂ ಕೇಳಂಗಿಲ್ಲ."

ಸಾಲಿನಲ್ಲಿ ನಿಂತವರು ನಗುತ್ತಿದ್ದರು. ಧಾರವಾಡದಲ್ಲಿ ಇಳಿದು ಹೊರಗೆ ಹೋಗುವಾಗಲೂ ಅದೇ ಆಟ.

ಒಂದು ಸೋಮವಾರ ಚಾಚಾ ಒಬ್ಬರೇ ಬಂದರು. ಅದಕ್ಕೂ ಮೊದಲು ಹದಿನೈದು ದಿನ ಇಬ್ಬರೂ ಕಂಡಿರಲಿಲ್ಲ. ಯಾವುದೋ ಮದುವೆಗೆ ಹೋಗಿರಬೇಕು ಎಂದುಕೊಂಡಿದ್ದೆ. "ಚಾಚಿ ಬರಲಿಲ್ಲೇನ್ರಿ?" ಎಂದು ಕೇಳಿದೆ.

"ತೀರಿಕೊಂಡ್ಳರಿ," ಎಂದರು. "ಜ್ವರ ಅಂದ್ಲು. ನಾಕು ದಿನ. ಅಷ್ಟರಿ."

ಅವರು ನನ್ನ ಮಾತಿಗೆ ಕಾಯಲಿಲ್ಲ. ಜೇಬಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದರು. ಅದರಲ್ಲಿ ಎರಡು ಕಾರ್ಡುಗಳಿದ್ದವು, ಬೆನ್ನಿಗೆ ಬೆನ್ನು ಹಚ್ಚಿಕೊಂಡು. ಹಾಗೆಯೇ ಹಿಡಿದರೆ ಯಂತ್ರಕ್ಕೆ ಯಾವುದನ್ನು ಓದಬೇಕೋ ತಿಳಿಯುವುದಿಲ್ಲ. ಕೆಂಪು ದೀಪ ಬಂತು. ಗೇಟಿನ ಹತ್ತಿರ ನಿಲ್ಲುವ ಗಾರ್ಡ್ ಬಂದು, "ಎರಡೂ ಕೂಡಿಸಿ ಹಚ್ಚಬ್ಯಾಡ್ರಿ ಚಾಚಾ, ಒಂದೊಂದ ತೋರಸ್ರಿ," ಎಂದ. ಚಾಚಾ ಒಂದನ್ನು ಹೊರಗೆ ತೆಗೆದು ಹಚ್ಚಿದರು. ಗೇಟು ತೆರೆಯಿತು. ಅವರು ದಾಟಲಿಲ್ಲ. ಬಗ್ಗಿ ಪೆಟ್ಟಿಗೆಯನ್ನು ನೆಲದ ಮೇಲೆ ಒಳಕ್ಕೆ ಸರಿಸಿದರು. ರೆಕ್ಕೆಗಳು ಮುಚ್ಚಿಕೊಂಡವು. ಆಮೇಲೆ ಇನ್ನೊಂದು ಕಾರ್ಡು ಹಚ್ಚಿ ತಾವು ಬಂದರು.

ಗಾರ್ಡ್ ನಕ್ಕ. "ಏನ್ರಿ ಚಾಚಾ, ಪೆಟ್ಟಿಗೀಗೂ ಒಂದು ಪಾಸ್ ಮಾಡಿಸೀರೇನು?"

"ಹೂಂನಪಾ," ಎಂದರು ಚಾಚಾ. "ಅದಕ್ಕೂ ವಯಸ್ಸಾಗೈತಿ."

ನಾನೂ ನಕ್ಕೆ. ಆ ಇನ್ನೊಂದು ಕಾರ್ಡು ಪೆಟ್ಟಿಗೆಗಾಗಿಯೇ ಇರಬೇಕು ಎಂದು ನಾನೂ ತಿಳಿದಿದ್ದೆ. ಕೆಲವು ದಿನಗಳ ಮೇಲೆ, ಅವರ ಪೆಟ್ಟಿಗೆಯನ್ನು ಒಳಗಿನಿಂದ ನಾನೇ ಎತ್ತಿಕೊಳ್ಳತೊಡಗಿದಾಗ, ಮೊದಲು ಹಚ್ಚುವ ಕಾರ್ಡಿನ ಮೇಲಿನ ಫೋಟೋ ಕಂಡಿತು. ಚಾಚಿ ನಗುತ್ತಿದ್ದರು. ಪಾಸ್ ಮಾಡಿಸುವ ಕೌಂಟರಿನಲ್ಲಿ ಫೋಟೋ ತೆಗೆಯುವಾಗ ಚಾಚಾ ಪಕ್ಕದಲ್ಲಿ ನಿಂತು ಏನೋ ಅಂದಿದ್ದರಂತೆ, ಅದಕ್ಕೆ ಆ ನಗು. ಅವರ ಮನೆಯಲ್ಲಿ ಚಾಚಿಯ ಬೇರೆ ಫೋಟೋ ಇದ್ದವು. ಎಲ್ಲದರಲ್ಲೂ ಸೆರಗು ಹಣೆಯವರೆಗೆ ಎಳೆದುಕೊಂಡು ಗಂಭೀರವಾಗಿ ಕುಳಿತಿದ್ದರಂತೆ. "ನಕ್ಕಿದ್ದು ಇದೊಂದ ಐತ್ರಿ," ಎಂದಿದ್ದರು ಚಾಚಾ.

ಹೀಗೆ ಮಳೆಗಾಲ ಕಳೆಯಿತು. ದಿನವೂ ಗೇಟು ಒಮ್ಮೆ ಯಾರಿಗೂ ಅಲ್ಲದೆ ತೆರೆದು ಮುಚ್ಚುತ್ತಿತ್ತು. ಸಾಲಿನವರಿಗೆಲ್ಲ ಅದು ರೂಢಿಯಾಯಿತು. ಹೊಸಬರು ಯಾರಾದರೂ ಗೊಣಗಿದರೆ ಹಳಬರೇ, "ಇರ್ರಿ, ಪೆಟ್ಟಿಗಿ ಹೊಂಟೈತಿ," ಎನ್ನುತ್ತಿದ್ದರು. ನಾನು ಒಳಗೆ ನಿಂತು ಪೆಟ್ಟಿಗೆ ತೆಗೆದುಕೊಂಡು "ಬರ್ರಿ ಚಾಚಾ" ಎನ್ನುತ್ತಿದ್ದೆ. ಚಾಚಿಯ ಹಾಗೆ "ಏನೂ ಆಗಂಗಿಲ್ಲ" ಎಂದು ಮಾತ್ರ ನಾನು ಒಂದು ದಿನವೂ ಹೇಳಲಿಲ್ಲ. ಅದು ಅವರ ಮಾತು ಎನಿಸುತ್ತಿತ್ತು.

ಆ ದಿನ ಪರೀಕ್ಷೆಯಿತ್ತು. ಅದು ನಡೆಯಬೇಕಿದ್ದ ಓದುವ ಕೋಣೆಯ ಬೀಗದ ಕೈ ನನ್ನ ಚೀಲದಲ್ಲಿತ್ತು. ಹುಡುಗರು ಬಾಗಿಲಲ್ಲಿ ನಿಂತಿದ್ದಾರೆ ಎಂದು ಪ್ರಿನ್ಸಿಪಾಲರು ಎರಡು ಸಲ ಫೋನ್ ಮಾಡಿದ್ದರು. ನಾನು ಗೇಟು ದಾಟಿ ಒಳಗೆ ಬಂದಾಗ ಧಾರವಾಡದ ಬಸ್ಸು ದೂರದಲ್ಲಿ ಕಾಣುತ್ತಿತ್ತು. ನನ್ನ ಹಿಂದೆಯೇ ಚಾಚಾ ಇದ್ದರು. ಅವರ ಹಿಂದೆ ಇಳಿಜಾರಿನ ತನಕ ಜನ.

ಅವರು ಚಾಚಿಯ ಕಾರ್ಡು ಹಚ್ಚಿದರು. ಕೆಂಪು ದೀಪ.

ಮತ್ತೆ ಹಚ್ಚಿದರು. ಕೆಂಪು. ಅಂಗಿಗೆ ಒರೆಸಿ ಹಚ್ಚಿದರು. ಕೆಂಪು. ಗಾರ್ಡ್ ಬಗ್ಗಿ ನೋಡಿ, "ಚಾಚಾ, ಇದರ ತಾರೀಖ ಮುಗದೈತ್ರಿ. ನಿಮ್ಮದ ಹಚ್ಚ್ರಿ," ಎಂದ. ಚಾಚಾ ಕೇಳಿಸದವರಂತೆ ಮತ್ತೆ ಅದನ್ನೇ ಹಿಡಿದರು.

"ಏ ಯಜಮಾನ್ರ, ಬಸ್ ಬಂತ್ರಿ!" ಹಿಂದಿನಿಂದ ಯಾರೋ ಕೂಗಿದರು.

"ಸರೀರಿ ಅಲ್ಲೆ ಬಾಜೂಕ. ನಾವರ ಹೋಗ್ತೇವಿ."

"ಪೆಟ್ಟಿಗಿ ಕೊಡ್ರಿ ಇಲ್ಲೆ," ಎಂದು ನಾನು ಗಾಜಿನ ಮೇಲಿಂದ ಕೈ ಚಾಚಿದೆ. ಅವರು ಕೊಡಲಿಲ್ಲ. ಚೀಲದಲ್ಲಿ ಫೋನ್ ಮತ್ತೆ ಹೊಡೆದುಕೊಳ್ಳತೊಡಗಿತು. ಬಸ್ಸು ಬಂದು ನಿಂತಿತು, ಬಾಗಿಲು ತೆರೆಯಿತು. ಆಗ ನಾನು ಆ ಮಾತು ಆಡಿದೆ. ಎಲ್ಲರಿಗೂ ಕೇಳಿಸುವಂತೆ, ಜೋರಾಗಿ, ಮಕ್ಕಳನ್ನು ಗದರಿಸುವ ದನಿಯಲ್ಲಿ.

"ಅವ್ರು ಬರೂದಿಲ್ಲ ಚಾಚಾ! ನಿಮ್ಮದ ಕಾರ್ಡ್ ಹಚ್ಚ್ರಿ!"

ಚಾಚಾ ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ. ಯಾರೋ ಕರೆದಂತಾಗಿ ತಲೆ ಎತ್ತಿದಾಗ ಇರುತ್ತದಲ್ಲ, ಅಂಥ ಮುಖ. ಕಾರ್ಡುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು, ಪೆಟ್ಟಿಗೆ ಹಿಡಿದು, ಜನರ ನಡುವೆ ಜಾಗ ಮಾಡಿಕೊಂಡು ಇಳಿಜಾರಿನಲ್ಲಿ ವಾಪಸು ಇಳಿಯತೊಡಗಿದರು.

ನಿಲ್ದಾಣದ ಗೋಡೆ ಗಾಜಿನದು. ಒಳಗಿನಿಂದ ಎಲ್ಲ ಕಾಣುತ್ತದೆ. ಕೆಳಗೆ ದಾಟುವವರಿಗೆ ಕೆಂಪು ಸಿಗ್ನಲ್ ಇತ್ತು. ಅವರು ಅದನ್ನು ನೋಡಲಿಲ್ಲ. ನೇರ ಬಸ್ಸಿನ ದಾರಿಗೆ ಇಳಿದರು. ಧಾರವಾಡದ ಕಡೆಯಿಂದ ಇನ್ನೊಂದು ಬಸ್ಸು ಬರುತ್ತಿತ್ತು. ನಮ್ಮಲ್ಲಿ ನಿಲ್ಲದೆ ಹೋಗುವ ಬಸ್ಸು, ಅದರ ವೇಗವೇ ಬೇರೆ. ನಾನು ಗೇಟಿನ ಮೇಲಿಂದ ಬಗ್ಗಿ "ಚಾಚಾ!" ಎಂದು ಚೀರಿದೆ.

ನಾನು ಕೂಗದೆ ಇದ್ದಿದ್ದರೆ ಅವರು ದಾಟಿಬಿಡುತ್ತಿದ್ದರು. ಇನ್ನೆರಡು ಹೆಜ್ಜೆ ಉಳಿದಿತ್ತು. ನನ್ನ ದನಿ ಕೇಳಿ ಅವರು ನಿಂತರು. ಬಸ್ಸಿನ ದಾರಿಯ ನಡುವೆ ನಿಂತು, ತಿರುಗಿ, ನಾನಿದ್ದ ಕಡೆ ನೋಡಿದರು.

ಆಮೇಲೆ ಅದನ್ನು ಮನಸ್ಸಿನಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕೆಲವೊಮ್ಮೆ ನನ್ನ ಬಾಯಿ ಮುಚ್ಚಿರುತ್ತದೆ, ಅವರು ದಾಟಿ ಹೋಗುತ್ತಾರೆ. ಕೆಲವೊಮ್ಮೆ ಬಸ್ಸು ನಿಲ್ಲುವುದಿಲ್ಲ. ಪುಸ್ತಕಕ್ಕೆ ಮೊಹರು ಒತ್ತುವಾಗ, ಅನ್ನಕ್ಕೆ ನೀರಿಡುವಾಗ, ನಡುಹಗಲಿನಲ್ಲಿ ಅದು ಬರುತ್ತದೆ.

ನಡೆದದ್ದು ಇಷ್ಟು. ಬ್ರೇಕಿನ ಸದ್ದಾಯಿತು, ಉದ್ದಕ್ಕೆ. ಬಸ್ಸಿನ ಮೂತಿ ನೆಲಕ್ಕೆ ಕುಕ್ಕಿದಂತೆ ಬಗ್ಗಿತು. ಚಾಚಾ ಕಾಣಿಸಲಿಲ್ಲ. ನಾನು ಹೊರಗೆ ಓಡಲು ಹೋದೆ. ಹೊರಗೆ ಹೋಗುವುದಕ್ಕೂ ಕಾರ್ಡು ಹಚ್ಚಬೇಕು. ನನ್ನ ಕೈಯಿಂದ ಕಾರ್ಡು ಕೆಳಗೆ ಬಿತ್ತು; ಎತ್ತಿದೆ, ಮತ್ತೆ ಬಿತ್ತು. ಗಾರ್ಡ್ ತನ್ನ ಕಾರ್ಡಿನಿಂದ ಅಗಲದ ಗೇಟು ತೆರೆದು ನನಗಿಂತ ಮುಂದೆ ಓಡಿದ.

ಬಸ್ಸಿಗೂ ಚಾಚಾನಿಗೂ ನಡುವೆ ಒಂದು ಮೊಳ ಜಾಗವಿತ್ತು. ಅವರು ನೆಲದ ಮೇಲೆ ಕುಳಿತಿದ್ದರು. ಮೈಗೆ ಏನೂ ತಾಗಿರಲಿಲ್ಲ. ಪೆಟ್ಟಿಗೆ ಬಿದ್ದು ಬಾಯಿ ತೆರೆದಿತ್ತು. ಸೂಜಿ, ಸ್ಕ್ರೂ, ಬಾಬಿನ್, ಒಂದು ಸಣ್ಣ ಎಣ್ಣೆಯ ಬುಡ್ಡಿ, ಎಲ್ಲ ಚೆಲ್ಲಿದ್ದವು. ಡ್ರೈವರ್ ಕೆಳಗೆ ಇಳಿದು ಬಂದ. ಬಯ್ಯುತ್ತಾನೆ ಎಂದುಕೊಂಡೆ. ಅವನು ಬಂದವನೇ ಮಂಡಿಯೂರಿ ಕುಳಿತು ಬಾಬಿನ್‌ಗಳನ್ನು ಆರಿಸತೊಡಗಿದ. ಆರಿಸಿದ್ದೆಲ್ಲ ಅವನ ಕೈಯಿಂದ ಮತ್ತೆ ಬೀಳುತ್ತಿತ್ತು.

"ಯಾಕ್ರಿ ಅಜ್ಜಾರ, ಯಾಕ ಹಿಂಗ ಮಾಡಿದ್ರಿ," ಎನ್ನುತ್ತಿದ್ದ, ಅಳುವವನಂತೆ. "ನನಗೂ ಮನೀ ಐತ್ರಿ."

"ತಪ್ಪಾತಪಾ," ಎಂದರು ಚಾಚಾ. ಪ್ಲಾಸ್ಟಿಕ್ ಚೀಲ ಅವರ ಮುಷ್ಟಿಯಲ್ಲೇ ಇತ್ತು.

ಗಾರ್ಡ್ ಆಟೋ ಕರೆದು ಅವರನ್ನು ಮನೆಗೆ ಕಳಿಸಿದ. ನಾನು ಅವರ ಹತ್ತಿರ ಹೋಗಿದ್ದೆ, ನೀರಿನ ಬಾಟಲಿ ಕೊಟ್ಟಿದ್ದೆ. ಆಮೇಲೆ ಮುಂದಿನ ಬಸ್ಸು ಹಿಡಿದು ಧಾರವಾಡಕ್ಕೆ ಹೋದೆ. ನಾನು ಅಷ್ಟು ಅವಸರ ಮಾಡಿದ ಆ ಕೋಣೆಯ ಬಾಗಿಲನ್ನು ಜವಾನ ಇನ್ನೊಂದು ಬೀಗದ ಕೈಯಿಂದ ಯಾವಾಗಲೋ ತೆರೆದಿದ್ದ.

ಅಂದಿನಿಂದ ಚಾಚಾ ನಮ್ಮ ನಿಲ್ದಾಣಕ್ಕೆ ಬರಲಿಲ್ಲ. ಒಂದು ವಾರ ಕಾದೆ. ಎರಡು ವಾರ. ಒಂದು ಮಧ್ಯಾಹ್ನ ರಜೆ ಹಾಕಿ ಆ ಹೊಲಿಗೆ ಕ್ಲಾಸು ಹುಡುಕಿಕೊಂಡು ಹೋದೆ. ಅವರು ಒಂದು ಯಂತ್ರದ ಕೆಳಗೆ ತಲೆ ಹಾಕಿ ಕುಳಿತಿದ್ದರು. ನನ್ನನ್ನು ಕಂಡು, "ಬರ್ರಿ ಬಾಯಾರ, ಕುಂಡ್ರ್ರಿ," ಎಂದು ಸ್ಟೂಲು ಒರೆಸಿ ಕೊಟ್ಟರು. ಚಹಾ ತರಿಸಿದರು. ಈಗ ರಸ್ತೆಯ ಬದಿಗೆ ನಿಲ್ಲುವ ಹಳೇ ಬಸ್ಸಿನಲ್ಲಿ ಬರುತ್ತಾರಂತೆ. ಅಲ್ಲಿ ಕಂಡಕ್ಟರ್ ಬಂದು ಟಿಕೇಟು ಹರಿದು ಕೊಡುತ್ತಾನೆ, ಗೇಟಿಲ್ಲ.

"ನಾ ಹಂಗ ಅನ್ನಬಾರದಿತ್ತು ಚಾಚಾ," ಎಂದೆ.

ಅವರು ಯಂತ್ರದ ಗಾಲಿಯನ್ನು ಹಿಂದೆ ಮುಂದೆ ತಿರುಗಿಸಿದರು. "ಪಾಸಿನ ತಾರೀಖ ಮುಗೀತಂತ ನನಗ ಗೊತ್ತಿತ್ರಿ," ಎಂದರು. "ಮೊದಲನೇ ಸಲ ಅವರು ಏನೂ ಕೇಳಲಿಲ್ಲ, ಹೊಸಾ ತಾರೀಖ ಹಾಕಿ ಕೊಟ್ರು. ಈ ಸಲ ಕೌಂಟರ್‌ನ್ಯಾಗ, ಫೋಟೋ ಹೊಸಾದು ಬೇಕು, ಅವ್ರನ್ನ ಕರಕೊಂಡ ಬರ್ರಿ ಅಂದ್ರು."

"ನೀವೇನಂದ್ರಿ?"

"ಹೂಂ, ಕರಕೊಂಡ ಬರ್ತೇನಿ ಅಂದು ಬಂದೆ." ಗಾಲಿ ನಿಂತಿತು. "ಅಕಿ ಇಲ್ಲ ಅಂತ ಅಲ್ಲೆ ಹೇಳಾಕ ಬಾಯಿ ಬರಲಿಲ್ಲರಿ. ಇನ್ನೊಂದ ಸಲರ ತೆಗೀತದೇನೋ ಅಂತ ಹಚ್ಚಿ ನೋಡಿದೆ. ಅಕಿ ಇನ್ನ ಬರೂದಿಲ್ಲ ಅನ್ನೂ ಮಾತು ಮನ್ಯಾಗೂ ಯಾರೂ ನನ್ನ ಮುಂದ ಅಂದಿರಲಿಲ್ಲ. ಮಗಾ ಸೊಸಿ ಎಲ್ಲಾರೂ ಹಗೂರಕ ಮಾತಾಡತಿದ್ರು. ಖರೇ ಹೇಳಿದವರು ನೀವೊಬ್ರ."

ಅದು ಬಯ್ಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಉಪಕಾರ ನೆನೆಯುವ ದನಿಯಲ್ಲಿ ಹೇಳಿದರು.

"ನಾಳಿಂದ ಬರ್ರಿ ಚಾಚಾ," ಎಂದೆ. "ನಾ ಮುಂದ ಹೋಗಿ ಪೆಟ್ಟಿಗಿ ಹಿಡೀತೇನಿ. ನಿಮ್ಮದೊಂದ ಕಾರ್ಡ್ ಸಾಕು."

"ಅಕಿನ್ನ ಹೊರಗ ಬಿಟ್ಟು ನಾ ಒಬ್ಬನ ಹ್ಯಾಂಗ ಒಳಗ ಬರ್ಲಿರಿ?" ಎಂದರು. ಲೋಟವನ್ನು ನನ್ನತ್ತ ಸರಿಸಿ, "ನಿಮ್ಮ ಚಹಾ ಆರಾಕತ್ತೈತಿ," ಎಂದರು.

ಕ್ಲಾಸು ಬಿಡುವ ಹೊತ್ತಾಗಿತ್ತು. ಅವರೊಡನೆ ರಸ್ತೆಯವರೆಗೆ ನಡೆದೆ. ಹಳೇ ಬಸ್ಸು ಬಂತು. ಮೆಟ್ಟಿಲು ಎತ್ತರವಿತ್ತು, ಜನ ನೂಕುತ್ತಿದ್ದರು. ನಾನು ಪೆಟ್ಟಿಗೆಗೆ ಕೈ ಚಾಚಿದೆ. ಅದೂ ರೂಢಿಯಿಂದಲೇ, ಯೋಚಿಸಿ ಅಲ್ಲ. ಚಾಚಾ ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

"ಇರ್ಲಿ ಬಿಡ್ರಿ ಬಾಯಾರ," ಎಂದರು. "ರೂಢಿ ಆಗ್ಲಿ."

ಮೊದಲು ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟರು. ಆಮೇಲೆ ಕಂಬಿ ಹಿಡಿದು ಒಂದು ಕಾಲು ಇಟ್ಟು, ಇನ್ನೊಂದು ಕಾಲು ಎತ್ತುವ ಮೊದಲು ಒಳಗೆ ನೋಡಿದರು. ಯಾರೂ ಕರೆಯಲಿಲ್ಲ. ಅವರು ಉಸಿರು ಹಿಡಿದು ಹತ್ತಿದರು.