ತಿದ್ದದ ಕೈ

ನಮ್ಮ ಡ್ರಾಯಿಂಗ್ ಟೀಚರು ಬೆಂಚುಗಳ ನಡುವೆ ಓಡಾಡುವಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿರುತ್ತಿದ್ದರು. ಬೆರಳ ಸಂದಿಯಲ್ಲಿ ನೀಲಿ ಚಾಕ್‌ಪೀಸಿನ ಪುಡಿ. ಅದು ಮೆತ್ತಿಕೊಂಡು ಸೀರೆಯ ಹಿಂಭಾಗದಲ್ಲೂ ಒಂದು ಕಲೆ. ಮುನವಳ್ಳಿಯ ನಮ್ಮ ಹೈಸ್ಕೂಲಿನಲ್ಲಿ ಆ ನಡಿಗೆಯನ್ನು ಅಣಕಿಸದ ಹುಡುಗರೇ ಇರಲಿಲ್ಲ. ಕೈ ಕಟ್ಟಿಕೊಳ್ಳುವುದೇಕೆಂದು ಕೇಳಿದಾಗ ನಕ್ಕು ಹೇಳಿದ್ದರು: “ಬಿಟ್ರ ನಿಮ್ಮ ಹಾಳಿ ಮ್ಯಾಲೆ ಹೋಗಿಬಿಡತಾವು. ತಿದ್ದೂ ಚಟಾ ಭಾಳ ಕೆಟ್ಟದ್ದು.”

ಆಗ ಅವರು ಚಿತ್ರಕಲೆಯ ಬೋಧನೆ ಕುರಿತು ಪಿಎಚ್.ಡಿ. ಮಾಡುತ್ತಿದ್ದರು. ಮಾದರಿ ತೋರಿಸದೆ, ತಿದ್ದದೆ, ಕಂಡದ್ದನ್ನು ಬಿಡಿಸಲು ಬಿಟ್ಟರೆ ಮಕ್ಕಳ ಚಿತ್ರ ಹೇಗೆ ಬೆಳೆಯುತ್ತದೆ ಎಂಬುದು ಅವರ ವಿಷಯ. ಅದಕ್ಕೆ ನಮ್ಮ ಎಂಟನೇ ತರಗತಿಯವರು ವರ್ಷವಿಡೀ ಬಿಡಿಸಿದ ಚಿತ್ರಗಳೇ ಆಧಾರ. “ಈ ವಯಸ್ಸಿನಾಗ ಡಾಕ್ಟರ್ ಆಗಿ ಯಾರಿಗೆ ಸೂಜಿ ಮಾಡತೀರಿ ಟೀಚರ?” ಎಂದು ಜೊತೆಯವರು ಕಾಲೆಳೆದರೆ, “ಮೊದಲ ನಿಮಗ ಮಾಡತೇನ್ರಿ” ಎನ್ನುತ್ತಿದ್ದರು. ಆ ಪದವಿಯ ಆಸೆಯನ್ನು ಅವರೇನೂ ಮುಚ್ಚಿಟ್ಟವರಲ್ಲ.

ಧಾರವಾಡದಿಂದ ಅವರ ಗೈಡ್ ಚಿತ್ರ ನೋಡಲು ಬರುವವರಿದ್ದರು. ಇಂಥ ಸೊಟ್ಟಪಟ್ಟ ಚಿತ್ರ ತೋರಿಸಿದರೆ ಶಾಲೆಯ ಮಾನ ಹೋದೀತೆಂದು, ಟೀಚರು ರಜೆಯಲ್ಲಿದ್ದ ವಾರ ಹೆಡ್‌ಮಾಸ್ತರು ಬೋರ್ಡು ಬರೆಯುವ ಪೇಂಟರನನ್ನು ಕರೆಸಿ ಎಲ್ಲವನ್ನೂ ತಿದ್ದಿಸಿಬಿಟ್ಟರು. ಪಾಪ, ಒಳ್ಳೆಯ ಮನಸ್ಸಿನಿಂದಲೇ. ನನ್ನ ಎತ್ತಿನ ಐದನೇ ಕಾಲು ಮಾಯವಾಗಿತ್ತು; ಗೆಳೆಯನ ಓರೆ ಗುಡ್ಡ ನೆಟ್ಟಗಾಗಿತ್ತು; ಎಲ್ಲಕ್ಕೂ ಸ್ಕೆಚ್‌ಪೆನ್ನಿನ ಅಂಚು.

ಟೀಚರು ಬಂದು ಒಂದೊಂದೇ ಹಾಳೆ ತಿರುವಿ ನೋಡಿದರು. ನಾವು ಬಾಗಿಲಲ್ಲಿ ನಿಂತಿದ್ದೆವು.

“ಚಂದ ಆಗ್ಯಾವಲ್ರೀ ಟೀಚರ?” ಹೆಡ್‌ಮಾಸ್ತರು ಕೇಳಿದರು.

“ಚಂದ ಆಗ್ಯಾವ್ರಿ ಸರ್. ಆದ್ರ ಇವು ಈಗ ನಮ್ಮ ಹುಡುಗೂರ ಚಿತ್ರ ಅಲ್ರಿ.”

“ಯಾರಿಗೆ ಗೊತ್ತಾಗತೈತ್ರಿ? ಹಿಂಗ ಕೊಟ್ಟಬಿಡ್ರಿ.”

“ಎತ್ತು ನಡೀಲಿಕ್ಕೆ ಹತ್ತೈತಿ ಅಂತ ಈ ಹುಡುಗ ಐದ ಕಾಲು ಬಿಡಸಿದ್ದ. ಅದರ ಮ್ಯಾಲೆ ಒಂದು ಅಧ್ಯಾಯನ ಬರದೇನ್ರಿ. ಈಗ ಯಾವ ಎತ್ತು ತೋರಸ್ಲಿ?”

ಹೆಡ್‌ಮಾಸ್ತರ ಮುಖ ಬಾಡಿತು.

ಮುಂದಿನ ಜೂನಿನಲ್ಲಿ ಟೀಚರು ಹೊಸ ಎಂಟನೇ ತರಗತಿಯೊಂದಿಗೆ ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದರು. ಹೆಡ್‌ಮಾಸ್ತರರನ್ನು ಒಂದು ದಿನವೂ ಆಡಿಕೊಳ್ಳಲಿಲ್ಲ. ನನಗೆ ಅಷ್ಟು ತಾಳ್ಮೆಯಿಲ್ಲ, ನೆನೆದರೆ ಈಗಲೂ ಮೈ ಉರಿಯುತ್ತದೆ. ಇವತ್ತು ಕಟಕೋಳದಲ್ಲಿ ನಾನೂ ಡ್ರಾಯಿಂಗ್ ಮಾಸ್ತರ. ಮಗುವಿನ ಕೈಯಿಂದ ಪೆನ್ಸಿಲ್ ಕಿತ್ತುಕೊಳ್ಳದೆ ಸುಮ್ಮನೆ ನಿಲ್ಲುವುದನ್ನು ಅವರಿಂದಲೇ ಕಲಿತೆ. ಆ ಋಣ ತೀರುವಂಥದ್ದಲ್ಲ.

ನಾನು ಪಿಯುಸಿಯಲ್ಲಿದ್ದಾಗ ಅವರು ಪ್ರಬಂಧ ಸಲ್ಲಿಸಿದರು. ಕೊನೆಯ ಮೌಖಿಕ ಪರೀಕ್ಷೆ ವೈವಾದ ದಿನ ಗೊತ್ತಾಗುವ ಮೊದಲೇ ಎದೆನೋವು ಬಂದು ಹೋಗಿಬಿಟ್ಟರು.

ಊರ ಕ್ರಾಸಿನಲ್ಲಿ ಶ್ರದ್ಧಾಂಜಲಿಯ ಬ್ಯಾನರು ಕಟ್ಟಿದ್ದರು. ಅದರಲ್ಲಿ ಹೆಸರಿಗೆ ‘ಡಾ.’ ಸೇರಿಸಲಾಗಿತ್ತು. “ಪದವಿ ಇನ್ನೂ ಬಂದಿದ್ದಿಲ್ಲಲ್ರೀ?” ಎಂದು ಯಾರೋ ಕೇಳಿದರು. ಬ್ಯಾನರು ಮಾಡಿಸಿದ್ದ ಹೆಡ್‌ಮಾಸ್ತರು ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ನಾ ಆ ಚಿತ್ರ ತಿದ್ದಸದ ಇದ್ರ ಬಂದಿರತಿತ್ರಿ” ಎಂದರು.

ಟೀಚರು ಇದ್ದಿದ್ದರೆ ಆ ಒಂದಕ್ಷರವನ್ನು ಅಳಿಸದೆ ಬಿಡುತ್ತಿರಲಿಲ್ಲ. ನಮಗೆ ಮನಸ್ಸು ಬರಲಿಲ್ಲ.