ಅಳಲು ಅಪ್ಪಣೆಯಿಲ್ಲದ ಊರಿನ ಟೀಚರ್

ಹೋದ ವಾರ ಒಮಾನಿನ ಬರ್ಕಾದ ನಮ್ಮ ಮನೆಯಲ್ಲಿ ಜೋಳದ ಸಂಗಟಿಯನ್ನು ಒಲೆಯ ಮೇಲಿಟ್ಟು, ಫೋನಿನಲ್ಲಿ ತಂಗಿಯ ಜೊತೆ ಮಾತಾಡುತ್ತ ನಿಂತುಬಿಟ್ಟೆ. ತಳ ಹಿಡಿಯಿತು. ಸೀದ ಜೋಳದ ವಾಸನೆ ಹಾಲ್‌ವರೆಗೂ ಹಬ್ಬಿದಾಗ ಪಾತ್ರೆ ಇಳಿಸುವುದನ್ನೂ ಮರೆತು ಬಾಗಿಲಿನ ಕಡೆ ನೋಡಿದೆ. ಈಗ ಬೆಲ್ ಆಗುತ್ತದೆ ಅನ್ನಿಸಿತು... ಆಗಲಿಲ್ಲ.

ಮೊದಲು ಇದೇ ದೇಶದ ಸೂರ್‌ನಲ್ಲಿದ್ದಾಗ ಆಗಿತ್ತು. ನಮ್ಮ ಮನೆಯವರು ಅಲ್ಲಿಯ ಗ್ಯಾಸ್ ಪ್ಲಾಂಟಿನಲ್ಲಿ ಇಂಜಿನಿಯರ್. ವಿಜಯಪುರದಿಂದ ಜೋಳದ ಹಿಟ್ಟು ತರಿಸಿಕೊಂಡು ಸಂಗಟಿ ಮಾಡಿದ ಒಂದು ಶುಕ್ರವಾರ ಹೀಗೇ ತಳ ಹಿಡಿದಿತ್ತು. ಬಾಗಿಲು ತೆಗೆದರೆ ತಲೆಗೆ ಬಣ್ಣದ ಬಟ್ಟೆ ಸುತ್ತಿಕೊಂಡ, ನನಗಿಂತ ಒಂದು ಗೇಣು ಎತ್ತರದ ಹೆಂಗಸು. ಎದುರು ಫ್ಲಾಟಿಗೆ ಹೊಸದಾಗಿ ಬಂದ ಆಫ್ರಿಕಾದ ಟೀಚರ್ ಎಂದು ವಾಚ್‌ಮನ್ ಹೇಳಿದ್ದ. ವಾಸನೆಯ ಬಗ್ಗೆ ದೂರು ಹೇಳಲು ಬಂದಿದ್ದಾರೆ ಎಂದುಕೊಂಡು ಸಾರಿ ಕೇಳಿದೆ.

"ಸಾರಿ ಯಾಕೆ? ಇದು ನಮ್ಮಜ್ಜಿ ಅಡುಗೆಮನೆ ವಾಸನೆ. ಸ್ವಲ್ಪ ಕೊಡ್ತೀರಾ?" ಅಂದರು.

ಒಳಗೆ ಬಂದು, ತಟ್ಟೆಯಲ್ಲಿ ಹಾಕಿಕೊಟ್ಟದ್ದನ್ನು ಬಿಟ್ಟು, ಪಾತ್ರೆಯ ತಳಕ್ಕೆ ಅಂಟಿದ್ದನ್ನೇ ಚಮಚೆಯಿಂದ ಕೆರೆದು ತಿಂದರು. ನಮ್ಮ ಮಾತೆಲ್ಲ ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ. ನೆನಪಿನಲ್ಲಿ ಮಾತ್ರ ಅವರು ಕನ್ನಡದಲ್ಲೇ ಮಾತಾಡುತ್ತಾರೆ.

ಅವರದು ಜಿಂಬಾಬ್ವೆ. ಸೂರ್‌ನ ಒಂದು ಖಾಸಗಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ. ನಾನು ಟೀಚರ್ ಅನ್ನುತ್ತಿದ್ದೆ, ಅವರು ನನ್ನನ್ನು ಸಿಸ್ಟರ್ ಅನ್ನುತ್ತಿದ್ದರು. ಸೊಪ್ಪಿಗೆ ಶೇಂಗಾ ಅರೆದು ಹಾಕಿ ಅವರು ಮಾಡುತ್ತಿದ್ದ ಪಲ್ಯ ನಮ್ಮ ಪುಂಡಿಪಲ್ಯದ ದೂರದ ಬಳಗವೇ ಸರಿ. ಒಮ್ಮೆ ಊರಿನಿಂದ ಬಂದ ಡಬ್ಬಿ ತೆಗೆದು, ಒಣಗಿಸಿದ ಕಂಬಳಿಹುಳುಗಳನ್ನು ಪ್ರೀತಿಯಿಂದ ನಮ್ಮ ಮುಂದೆ ಹಿಡಿದರು. ನಮ್ಮ ಮನೆಯವರು ಕುರ್ಚಿಯಿಂದ ಎದ್ದೇಬಿಟ್ಟರು. "ನಾವು ಲಿಂಗ ಕಟ್ಟಿದ ಮಂದಿ ಅಂತ ಹೇಳು ಅವರಿಗೆ," ಎಂದು ನನ್ನ ಮೇಲೆ ಹರಿಹಾಯ್ದರು. ಹೇಳಿದೆ. ಟೀಚರ್ ನಕ್ಕ ನಗು ಮೆಟ್ಟಿಲಿಳಿದು ಕೆಳಗಿನ ಅಂಗಡಿಯವರೆಗೂ ಕೇಳಿರಬೇಕು.

ಕಚ್ಚಾ ಎಣ್ಣೆಯ ಬೆಲೆ ಬಿದ್ದ ವರ್ಷಗಳು ಅವು. ಶುಕ್ರವಾರ ಬಂತೆಂದರೆ ಯಾರದೋ ಸೋಫಾ, ಯಾರದೋ ಫ್ರಿಜ್ ಮೆಟ್ಟಿಲಿಳಿದು ಹೋಗುತ್ತಿತ್ತು. ಪ್ಲಾಂಟಿನಲ್ಲಿ ಓವರ್‌ಟೈಮ್ ನಿಂತಿತು, ಕಂಟ್ರಾಕ್ಟ್ ಕಂಪನಿಗಳು ಜನರನ್ನು ಮನೆಗೆ ಕಳಿಸಿದವು. ಮಕ್ಕಳ ಶಾಲೆಯ ಬಸ್ಸಿನಲ್ಲಿ ಸೀಟುಗಳು ಖಾಲಿಯಾದವು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಮುಂದಿನ ಖಲಾಸ್ ಯಾರಿಗೆ?

ಸಂಜೆ ಬಿಸಿಲು ಇಳಿದ ಮೇಲೆ ನಾವಿಬ್ಬರೂ ಮರದ ಹಡಗು ಕಟ್ಟುವ ಅಂಗಳದ ಕಡೆಗೆ ನಡೆಯಲು ಹೋಗುತ್ತಿದ್ದೆವು. ಟೀಚರ್ ತಮ್ಮ ದೇಶದ ಕಥೆಯನ್ನು ಅಲ್ಲೇ ಹೇಳಿದ್ದು, ಒಂದೇ ಸಲಕ್ಕಲ್ಲ, ತುಂಡು ತುಂಡಾಗಿ.

ಬಿಳಿಯರ ಆಡಳಿತ ಮುಗಿದು ಸ್ವಾತಂತ್ರ್ಯ ಬಂದಾಗ ಅವರಿಗೆ ಏಳು ವರ್ಷ. ಅಪ್ಪ ಹಳ್ಳಿಯ ಶಾಲೆಯ ಮೇಷ್ಟ್ರು. ಹೊಸ ಬಾವುಟ ಏರಿಸಿದ ದಿನ ಅಪ್ಪ ಅವರನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಯ ಬಯಲಿಗೆ ಒಯ್ದಿದ್ದರು. ಎಲ್ಲರೂ ಕುಣಿಯುತ್ತಿದ್ದರು, ಅಪ್ಪನ ಕೊರಳು ಬೆವರಿತ್ತು... ಅಷ್ಟು ನೆನಪು.

ಆ ದೇಶಕ್ಕಾಗಿ ಹೋರಾಡಿದ ಪಕ್ಷಗಳು ಎರಡು. ಗೆದ್ದದ್ದು ಒಂದು. ನೈರುತ್ಯ ಸೀಮೆಯ ಇವರ ಜನ, ಇವರ ಭಾಷೆಯವರು, ಬಹುಪಾಲು ಇನ್ನೊಂದರ ಕಡೆ ಇದ್ದರು. ಎರಡು ಮೂರು ವರ್ಷಗಳಲ್ಲಿ ಅನುಮಾನ ಬೆಳೆದು, ದಂಗೆಕೋರರನ್ನು ಹಿಡಿಯುವ ಹೆಸರಿನಲ್ಲಿ ಹೊಸ ಸರ್ಕಾರ ತನ್ನದೇ ಸೈನ್ಯವನ್ನು ಆ ಸೀಮೆಗೆ ಕಳಿಸಿತು. ಕೆಂಪು ಟೋಪಿಯ ಸೈನಿಕರು ಅದೇ ಶಾಲೆಯ ಬಯಲಲ್ಲಿ ಹಳ್ಳಿಯವರನ್ನೆಲ್ಲ ಸೇರಿಸಿ, ಗೆದ್ದ ಪಕ್ಷದ ಹಾಡು ಹಾಡಿಸಿದರು. ಆಮೇಲೆ ಅಪ್ಪನನ್ನೂ ಇನ್ನಿಬ್ಬರನ್ನೂ ಲಾರಿ ಹತ್ತಿಸಿದರು. ಅಳುವವರು ಯಾರಾದರೂ ಇದ್ದರೆ ಲಾರಿಯಲ್ಲಿ ಇನ್ನೂ ಜಾಗ ಇದೆ ಅಂದರು.

"ಅಮ್ಮ ಉಟ್ಟ ಬಟ್ಟೆಯ ತುದಿಯನ್ನು ಬಾಯಿಗೆ ತುರುಕಿಕೊಂಡಳು. ನನ್ನ ಬಾಯಿಗೂ ತುರುಕಿದಳು," ಅಂದರು ಟೀಚರ್.

ಅಪ್ಪ ಬರಲಿಲ್ಲ. ಕೆಲವು ವರ್ಷಗಳ ಬಳಿಕ ಎರಡೂ ಪಕ್ಷಗಳು ಒಂದಾದವು. ಆಗಿಹೋದದ್ದರ ಮಾತೆತ್ತಿದರೆ ಒಗ್ಗಟ್ಟು ಒಡೆಯುವವರು ಎಂಬ ಹೆಸರು ಬರುತ್ತಿತ್ತು. ಸತ್ತರೆಂಬ ಕಾಗದವಿಲ್ಲ, ಗೋರಿಯಿಲ್ಲ, ಆದ್ದರಿಂದ ಶೋಕವೂ ಇಲ್ಲ. ಟೀಚರ್ ಓದಿದರು, ಕೆಲಸಕ್ಕೆ ಸೇರಿದರು. ನಂತರ ದೇಶದ ದುಡ್ಡು ಕಾಗದದ ಬೆಲೆಗೆ ಇಳಿದು, ತಿಂಗಳ ಸಂಬಳಕ್ಕೆ ಬ್ರೆಡ್ಡೂ ಸಿಗದಂತಾದಾಗ, ಅಲ್ಲಿಯ ಎಷ್ಟೋ ಮೇಷ್ಟ್ರುಗಳಂತೆ ಹೊರಟು ಇಲ್ಲಿಗೆ ಬಂದರು. ಅಷ್ಟೂ ಕಾಲ ಆಳುತ್ತಿದ್ದವರು ಆ ಸೈನ್ಯ ಕಳಿಸಿದವರೊಬ್ಬರೇ.

ಎರಡು ಸಾವಿರದ ಹದಿನೇಳರಲ್ಲಿ ಕಾಲೇಜು ವಿದೇಶಿ ಟೀಚರುಗಳನ್ನು ಕಡಿಮೆ ಮಾಡಿತು. ವರ್ಷದ ಕೊನೆಗೆ ಇವರದೂ ಮುಗಿಯುತ್ತಿತ್ತು. ಟಿವಿ, ಮಂಚ ಮಾರಿ ಆಗಿತ್ತು. ಒಮಾನಿನದೇ ಇನ್ನೊಂದು ಊರಾದ ರುಸ್ತಾಕ್‌ನ ಒಂದು ಶಾಲೆಯಲ್ಲಿ ಕಡಿಮೆ ಸಂಬಳದ ಕೆಲಸ ಸಿಕ್ಕಿತ್ತು, ಹೂಂ ಅನ್ನುವುದಷ್ಟೇ ಬಾಕಿ. ಆಗಲೇ, ನವೆಂಬರಿನಲ್ಲಿ, ಅವರ ದೇಶದ ಸೈನ್ಯ ಆ ಮುದುಕ ಅಧ್ಯಕ್ಷರನ್ನು ಮನೆಯಲ್ಲೇ ಕೂಡಿಹಾಕಿದ ಸುದ್ದಿ ಬಂತು.

ಆ ವಾರವೆಲ್ಲ ಟೀಚರ್ ಸಂಜೆಯಾದರೆ ನಮ್ಮ ಟಿವಿಯ ಮುಂದೆ ಇರುತ್ತಿದ್ದರು. ರಸ್ತೆ ತುಂಬ ಜನ ಸೈನಿಕರನ್ನು ತಬ್ಬಿಕೊಳ್ಳುತ್ತಿದ್ದರು, ಟ್ಯಾಂಕಿನ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮಸ್ಕತ್‌ನಲ್ಲಿದ್ದ ಅವರ ದೇಶದವರು ಫೋನ್ ಮಾಡಿ ಹಾಡುತ್ತಿದ್ದರು. ಇವರು ಫೋನನ್ನು ಮೇಜಿನ ಮೇಲಿಟ್ಟು ಟಿವಿ ನೋಡುತ್ತಿದ್ದರು.

ಕೊನೆಗೆ ರಾಜೀನಾಮೆಯ ಸುದ್ದಿ ಬಂತು. ನಾನಿನ್ನೂ ದೀಪ ಹಚ್ಚಿ ಏಳುತ್ತಿದ್ದೆ. ನಮ್ಮ ಮನೆಯವರು ಚಪ್ಪಾಳೆ ತಟ್ಟಿ, ಟೀಚರ ಕೈ ಕುಲುಕಿ, ನನ್ನ ಕಡೆ ತಿರುಗಿ, "ಲಗೂನ ಏನರೆ ಸಿಹಿ ಮಾಡು, ಇವತ್ತ ಇವರ ಮನಿ ಹಬ್ಬ," ಅಂದರು.

ಟೀಚರ್ ಪರದೆಯ ಮೇಲಿನಿಂದ ಕಣ್ಣು ತೆಗೆಯಲಿಲ್ಲ. "ಸಿಸ್ಟರ್, ಈ ಬಿಲ್ಡಿಂಗಿನಲ್ಲಿ ಜೋರಾಗಿ ಅತ್ತರೆ ಯಾರಾದರೂ ಏನಾದರೂ ಅಂತಾರಾ?" ಎಂದು ಕೇಳಿದರು.

ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಅವರು ಶುರು ಮಾಡಿದರು. ಅಂಥ ಅಳುವನ್ನು ನಾನು ನಮ್ಮೂರ ಸಾವಿನ ಮನೆಗಳಲ್ಲಿ ಕೇಳಿದ್ದೆ, ಒಮಾನಿನಲ್ಲಿ ಎಂದೂ ಕೇಳಿರಲಿಲ್ಲ. ನಮ್ಮಲ್ಲಿ ಹೆಂಗಸರು ಸತ್ತವರ ಗುಣ ಹೇಳಿ ಹಾಡ್ಯಾಡಿಕೊಂಡು ಅಳುತ್ತಾರೆ, ಬಂದವರು ಕೊರಳು ತಬ್ಬಿ ದನಿ ಕೂಡಿಸುತ್ತಾರೆ. ನನಗೆ ಗೊತ್ತಿದ್ದದ್ದು ಅದೊಂದೇ. ಅವರ ಕೊರಳು ತಬ್ಬಿಕೊಂಡು, "ಹೇಳ್ರಿ ಟೀಚರ್, ಹೆಂಗಿದ್ರು ನಿಮ್ಮಪ್ಪ? ಏನ್ ಮಾಡ್ತಿದ್ರು?" ಎಂದು ಕನ್ನಡದಲ್ಲೇ ಕೇಳಿದೆ. ಅವರು ತಮ್ಮ ಭಾಷೆಯಲ್ಲಿ ಹೇಳಿದರು. ಒಂದಕ್ಷರವೂ ತಿಳಿಯಲಿಲ್ಲ. ಆದರೆ ಎಲ್ಲಿ ಅಪ್ಪನನ್ನು ಕರೆದರು, ಎಲ್ಲಿ ಬೈದರು, ಎಲ್ಲಿ ಕೇಳಿಕೊಂಡರು ಎಂಬುದು ತಿಳಿಯಿತು. ಯಾವಾಗಲೋ ನಾನೂ ಅಳುತ್ತಿದ್ದೆ.

ಬೆಲ್ ಆಯಿತು. ಮೇಲಿನ ಮನೆಯ ಉಡುಪಿ ಕಡೆಯ ಹೆಂಗಸು ಗಾಬರಿಯಾಗಿ ಬಂದಿದ್ದರು. "ಎಂತ ಆಯ್ತು ಮಾರಾಯ್ರೆ? ಯಾರು ತೀರಿಕೊಂಡದ್ದು?"

ನಮ್ಮ ಮನೆಯವರು ಬಾಗಿಲಲ್ಲಿ ನಿಂತು, "ಇವರ ತಂದಿಯವರ್ರೀ," ಅಂದರು. ಯಾವಾಗ ಎಂದು ಆ ಹೆಂಗಸು ಕೇಳಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ಟೀಚರ ಇನ್ನೊಂದು ಪಕ್ಕಕ್ಕೆ ಕುಳಿತು, ಕೈ ಹಿಡಿದುಕೊಂಡರು.

ಮರುದಿನ ಟೀಚರ್ ರುಸ್ತಾಕ್‌ನವರಿಗೆ ಬರುವುದಿಲ್ಲವೆಂದು ತಿಳಿಸಿ, ಊರಿಗೆ ಟಿಕೆಟ್ ಮಾಡಿಸಿದರು. ನನಗೆ ಸಿಟ್ಟೇ ಬಂತು. ಇದ್ದ ಒಂದು ಕೆಲಸವನ್ನೂ ಬಿಟ್ಟು ಯಾವ ಧೈರ್ಯದ ಮೇಲೆ ಹೋಗುವುದು? ನಮ್ಮ ಮನೆಯವರೂ ತಿಳಿಹೇಳಿದರು, ಕುರ್ಚಿಯ ಮೇಲೆ ಮನುಷ್ಯ ಬದಲಾದರೂ ಪಕ್ಷ ಅದೇ, ಸೈನ್ಯ ಅದೇ ಎಂದು.

"ನನಗೆ ಗೊತ್ತಿಲ್ಲವಾ? ಟ್ಯಾಂಕಿನ ಮೇಲೆ ಹತ್ತಿದ ಹುಡುಗರಿಗೆ ಗೊತ್ತಿಲ್ಲದೆ ಇರಬಹುದು, ನನಗೆ ಗೊತ್ತು," ಅಂದರು ಟೀಚರ್. "ಆದರೆ ಸಿಸ್ಟರ್, ಅಪ್ಪನನ್ನು ಎಲ್ಲಿ ಹೂತರು ಅಂತ ಹೇಳೋಕೆ ಎರಡೋ ಮೂರೋ ಮುದುಕರು ಉಳಿದಿದ್ದಾರೆ. ಇಷ್ಟು ವರ್ಷ ಅವರು ಬಾಯಿ ಬಿಡಲಿಲ್ಲ. ಈಗ ಹೆದರಿಕೆ ಸ್ವಲ್ಪ ಸಡಿಲವಾಗಿದೆ. ಅದು ಮತ್ತೆ ಬಿಗಿಯಾಗೋ ಮೊದಲು ಹೋಗಬೇಕು."

ಡಿಸೆಂಬರಿನಲ್ಲಿ ಹೋದರು. ಮಸ್ಕತ್‌ಗೆ ಹೊರಟ ಟ್ಯಾಕ್ಸಿಯಲ್ಲಿ ಕುಳಿತು ಕಿಟಕಿಯಿಂದ ಕೈ ಬೀಸಿದರು. ಎದುರು ಫ್ಲಾಟು ತಿಂಗಳುಗಟ್ಟಲೆ ಖಾಲಿಯಿತ್ತು.

ಮುಂದಿನ ವರ್ಷ ಒಂದು ಫೋಟೋ ಕಳಿಸಿದರು. ಬೋಳು ಬಯಲು, ಒಂದು ಮುಳ್ಳುಮರ, ಅದರ ಕೆಳಗೆ ಜನ. ಮುದುಕರಲ್ಲಿ ಒಬ್ಬರು ಬಾಯಿ ಬಿಟ್ಟಿದ್ದರು. ಜಾಗ ಹಳ್ಳಿಯಿಂದ ದೂರವೇನೂ ಇರಲಿಲ್ಲವಂತೆ. ಅಷ್ಟೂ ವರ್ಷ ಅದರ ಪಕ್ಕದಲ್ಲೇ ಅಮ್ಮ ಸೌದೆ ಆರಿಸಿದ್ದರಂತೆ. ಅಮ್ಮ ಅಷ್ಟರಲ್ಲಿ ತೀರಿಕೊಂಡಿದ್ದರು. ಅಪ್ಪನ ಆತ್ಮವನ್ನು ಮನೆಗೆ ಕರೆತರುವ ಅವರ ಪದ್ಧತಿಯ ಶಾಸ್ತ್ರ ಮುಗಿಸಿ, ಟೀಚರ್ ಅದೇ ಹಳ್ಳಿಯ ಶಾಲೆಯಲ್ಲಿ ಪಾಠಕ್ಕೆ ನಿಂತರು. ಅಪ್ಪನನ್ನು ಒಯ್ದ ತಿಂಗಳಲ್ಲಿ ಪ್ರತಿವರ್ಷ ಮರದ ಕೆಳಗೆ ಸೇರುವುದೆಂದಾಯಿತು. ಒಂದು ವರ್ಷ ಪೊಲೀಸರು ಬಂದು ಚದುರಿಸಿದರು. "ಮುಂದಿನ ವರ್ಷ ಮತ್ತೆ ಸೇರಿದೆವು, ಹೋದ ಸಲಕ್ಕಿಂತ ಜಾಸ್ತಿ ಜನ," ಎಂದು ಬರೆದಿದ್ದರು.

ಆಮೇಲೆ ನಮಗೂ ವರ್ಗವಾಯಿತು, ಬರ್ಕಾಗೆ ಬಂದೆವು. ಒಂದು ದಿನ ಟೀಚರ ನಂಬರಿನಿಂದಲೇ ಬೇರೆ ಯಾರೋ ಬರೆದರು. ಟೀಚರ ಅಕ್ಕನ ಮಗಳಂತೆ. ಚಿಕ್ಕಮ್ಮ ಜ್ವರದಲ್ಲಿ ಹೋದರು, ಆಸ್ಪತ್ರೆ ದೂರವಿತ್ತು, ಫೋನಿನಲ್ಲಿದ್ದ ಎಲ್ಲರಿಗೂ ತಿಳಿಸುತ್ತಿದ್ದೇನೆ, ಎಂದಿತ್ತು. ಏನೇನೋ ಕೇಳಿ ಬರೆದೆ. ಉತ್ತರ ಬರಲಿಲ್ಲ, ಸ್ವಲ್ಪ ದಿನಕ್ಕೆ ನಂಬರೂ ನಿಂತಿತು.

ಅಲ್ಲಿ ಚುನಾವಣೆಯಾದದ್ದನ್ನು ಟಿವಿಯಲ್ಲಿ ನೋಡಿದೆ. ಅದೇ ಪಕ್ಷ ಗೆದ್ದಿತು. ಆ ಸೀಮೆಯ ಹಳ್ಳಿಗಳಲ್ಲಿ ಹಳೆಯ ಸಾವುಗಳ ವಿಚಾರಣೆ ಮಾಡಿಸುತ್ತಾರಂತೆ ಎಂದೂ ಒಮ್ಮೆ ಓದಿದೆ. ಅದನ್ನು ಟೀಚರ್ ನಂಬುತ್ತಿದ್ದರೋ, ನಗುತ್ತಿದ್ದರೋ...

ಮರದ ಕೆಳಗೆ ಜನ ಈ ವರ್ಷವೂ ಸೇರಿದರೋ ಇಲ್ಲವೋ ನನಗೆ ತಿಳಿಯದು. ಕೇಳೋಣವೆಂದರೆ ಆ ದೇಶದಲ್ಲಿ ಈಗ ನನಗೆ ಯಾರೂ ಇಲ್ಲ.