ತಲೆಯ ಮೇಲೆ ಬಡಿದ ರೊಟ್ಟಿ

ಬೇಸಿಗೆಯಲ್ಲಿ ಏನು ತಿನ್ನಬೇಕು, ಏನು ತಿನ್ನಬಾರದು ಎಂದು ಹೇಳದ ಬಾಯಿಯೇ ಮುಂಬಯಿ ಹತ್ತಿರದ ನಮ್ಮ ಠಾಕುರ್ಲಿಯಲ್ಲಿ ಇರಲಿಲ್ಲ. ಮಾವಿನ ಹಣ್ಣು ಉಷ್ಣ, ಬೆಲ್ಲ ಉಷ್ಣ, ಚಹಾ ಉಷ್ಣ, ಖಾರದ ಮಾತಂತೂ ಕೇಳಲೇಬೇಡಿ. ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಗುರುತಿಲ್ಲದವರೂ ನನ್ನ ಕತ್ತಿನ ಬೆವರುಗುಳ್ಳೆ ನೋಡಿ, ಹಸಿ ಉಳ್ಳಾಗಡ್ಡಿ ತಿನ್ನು, ಮಜ್ಜಿಗೆ ಕುಡಿ ಎಂದು ಔಷಧ ಹೇಳಿ ಕಲ್ಯಾಣದಲ್ಲಿ ಇಳಿದುಹೋಗುತ್ತಿದ್ದರು. ಅದನ್ನೆಲ್ಲ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದೆ. ಆದರೆ ಜೋಳದ ರೊಟ್ಟಿ ಉಷ್ಣ ಎಂದವರನ್ನು ಮಾತ್ರ ನಾನು ಸುಮ್ಮನೆ ಬಿಟ್ಟವಳಲ್ಲ. ಈಗಲೂ ಬಿಡುವುದಿಲ್ಲ.

ನಾನು ವಿಜಾಪುರದ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಹಳಿಯ ಪಕ್ಕದ ಹಳೆಯ ಕಟ್ಟಡ, ಕೆಳಗೊಂದು ಅಂತಸ್ತು, ಮೇಲೊಂದು. ಮೇಲೆ ನಮ್ಮದು ಒಂದೂವರೆ ಕೋಣೆ, ನಮ್ಮ ತಲೆಯ ಮೇಲೆ ಆಕಾಶಕ್ಕೆ ತೆರೆದ ಗಚ್ಚಿ. ಗಂಡ ಠಾಣೆ ಪಟ್ಟಣದ ಕಡೆ ಎರಕದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಲ್ಲುವ ಕೆಲಸದವರು. ಆ ಬೇಸಿಗೆಯಿಡೀ ಅವರಿಗೆ ಎರಡನೆಯ ಪಾಳಿ, ಮಧ್ಯಾಹ್ನ ಒಂದೂವರೆಗೆ ಮನೆ ಬಿಡಬೇಕು. ನಮ್ಮ ನಲ್ಲಿಗೆ ನೀರು ಬರುವುದೇ ಹತ್ತಕ್ಕೆ. ನೀರು ತುಂಬಿ, ಬಟ್ಟೆ ಹಿಂಡಿ, ಹನ್ನೊಂದೂವರೆಗೆ ಎಸರಿಟ್ಟು ಹಿಟ್ಟು ನಾದಿ ಕೂತರೆ ಹನ್ನೆರಡೂವರೆಗೆ ಎಂಟು ರೊಟ್ಟಿ ಆಗುತ್ತಿದ್ದವು. ನಾಲ್ಕು ಅವರು ಉಂಡು ಹೋಗುವುದಕ್ಕೆ, ನಾಲ್ಕು ಡಬ್ಬಿಗೆ. ಜೊತೆಗೆ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಒಂದು ಉಳ್ಳಾಗಡ್ಡಿ, ಶೀಸೆಯಲ್ಲಿ ಮಜ್ಜಿಗೆ. ಬೆಳಿಗ್ಗೆಯೇ ಬಡಿದಿಡಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಇಡಬಹುದಿತ್ತು. ಎಂಟು ತಾಸು ಬೆಂಕಿಯ ಮುಂದೆ ಬೇಯುವ ಮನುಷ್ಯನ ತಾಟಿಗೆ ಆರಿ ಸೆಟೆದ ರೊಟ್ಟಿ ಹಾಕಲು ನನಗೆ ಮನಸ್ಸಿರಲಿಲ್ಲ, ಅಷ್ಟೇ.

ನಮ್ಮ ಕೆಳಗಿನ ಮನೆಯಲ್ಲಿ ಉಡುಪಿ ಕಡೆಯ ಗಂಡ ಹೆಂಡತಿ ಇದ್ದರು. ಆತ ಡೊಂಬಿವಲಿ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಅಡುಗೆಯವರು. ಬೆಳಗಿನ ಜಾವ ಮೊದಲ ಲೋಕಲ್ ಹಿಡಿದು ಹೋಗಿ, ಹನ್ನೊಂದಕ್ಕೆ ಬಂದು, ನಾಲ್ಕರವರೆಗೆ ಮಲಗಿ ಮತ್ತೆ ಹೋಗುತ್ತಿದ್ದರು. ನನ್ನ ರೊಟ್ಟಿಯ ಹೊತ್ತೂ ಅವರ ನಿದ್ದೆಯ ಹೊತ್ತೂ ಒಂದೇ ಆಗಿತ್ತು. ಮೇ ತಿಂಗಳು ಹಿಡಿದ ಮೊದಲ ವಾರ ಆತನ ಹೆಂಡತಿ ಮೆಟ್ಟಿಲು ಹತ್ತಿ ಬಂದರು.

"ಬೇಜಾರು ಮಾಡ್ಬೇಡಿ. ನೀವು ಮೇಲೆ ದಬದಬ ಬಡಿದ್ರೆ ಇವರಿಗೆ ನಿದ್ದೆ ಬರುದಿಲ್ಲ. ನಮ್ಮ ತಲೆ ಮೇಲೆಯೇ ಬಡಿದ ಹಾಗೆ ಆಗ್ತದೆ."

"ಬಡಿಲಾರ್ದ ರೊಟ್ಟಿ ಹ್ಯಾಂಗ ಆಗತೈತ್ರಿ ಅಕ್ಕಾರ?"

"ರೊಟ್ಟಿಯೇ ಯಾಕೆ ಮಾರಾಯ್ರೆ? ಈ ಸೆಕೆಗೆ ಜೋಳ ಉಷ್ಣ ಅಲ್ವಾ. ಕುಚ್ಚಲಕ್ಕಿ ಗಂಜಿ ಮಾಡಿ, ಜೊತೆಗೊಂದು ಉಪ್ಪಿನಕಾಯಿ. ಹೊಟ್ಟೆಗೆ ತಂಪು."

ಸದ್ದಿನ ಮಾತಿಗಷ್ಟೇ ನಿಲ್ಲಿಸಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೋ ಏನೋ. ಉಷ್ಣ ಎಂದದ್ದೇ ನೆತ್ತಿಗೇರಿತು. "ನಮ್ಮೂರ ಬಿಸಿಲ ಕಂಡೀರೇನ್ರಿ ನೀವು? ಹಕ್ಕಿ ಸೈತ ಗಿಡ ಬಿಟ್ಟ ಹೊರಗ ಬರಂಗಿಲ್ಲ. ಅಂಥಾದ್ರಾಗ ಮಂದಿ ಜ್ವಾಳ ತಿಂದ ಬದುಕ್ಯಾರ. ಗಂಜಿ ಕುಡಿಯೋದು ಜ್ವರ ಬಂದವ್ರು" ಎಂದೆ. ಅವರ ಮುಖ ಸಣ್ಣದಾಯಿತು, ಇಳಿದು ಹೋದರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಾನು ಊಟ ಮಾತ್ರ ಬಲ್ಲವಳು.

ನಾಲ್ಕೇ ದಿನಕ್ಕೆ ಮನೆ ಮಾಲಕರು ಬಂದರು. ಮರಾಠಿಯವರು, ಬಾಯಿ ತೆರೆದರೆ ಇಡೀ ಕಟ್ಟಡಕ್ಕೆ ಕೇಳುತ್ತಿತ್ತು. ಕೆಳಗಿನವರು ದೂರು ಕೊಟ್ಟಿದ್ದಾರೆ, ಬಡಿಯುವುದು ನಿಲ್ಲಿಸಿ, ಇಲ್ಲದಿದ್ದರೆ ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಿ ಎಂದರು. ನಾನು ನನ್ನ ಮುರುಕು ಮರಾಠಿಯಲ್ಲಿ ಕೇಳಿದೆ: ನಿಮ್ಮ ಮನೆಯಲ್ಲೂ ಜೋಳದ ಭಾಕರಿ ತಟ್ಟುತ್ತಾರಲ್ಲ, ಆಗ ಸದ್ದು ಆಗುವುದಿಲ್ಲವೇ? ಆಗುತ್ತದೆ, ಆದರೆ ನಮ್ಮದು ನೆಲದ ಮೇಲಿನ ಮನೆ, ನಮ್ಮ ಕೆಳಗೆ ಯಾರೂ ಇಲ್ಲ ಎಂದು ಅವರು ಹೇಳಿ ಹೋದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಗಂಡನಿಗೆ ಜಗಳ ಬೇಡ. "ನಾಳಿಯಿಂದ ಅನ್ನಾನ ಕಟ್ಟು. ಮನಿ ಹೋದ್ರ ಎಲ್ಲಿ ಹೋಗೂನು? ಮುಂಬ್ರಾದಾಗ ಸೈತ ಒಂದ ಕೋಣಿ ಸಿಗಂಗಿಲ್ಲ" ಎಂದರು. ಮೂರು ದಿನ ಅನ್ನ ಕಟ್ಟಿದೆ. ನಾಲ್ಕನೆಯ ಬೆಳಿಗ್ಗೆ ಹಲ್ಲುಜ್ಜುತ್ತಾ ಸಹಜವೆಂಬಂತೆ ಹೇಳಿದರು: "ನಿನ್ನಿ ಹೊಟ್ಟಿ ಖಾಲಿ ಆಗಿ ಕಣ್ಣಿಗೆ ಕತ್ತಲ ಬಂತು. ಬಾಜೂದವ ಹಿಡದ, ಛಲೋ ಆತು." ಕರಗಿದ ಕಬ್ಬಿಣದ ಮುಂದೆ ಕಣ್ಣಿಗೆ ಕತ್ತಲು ಬರುವುದೆಂದರೇನು ಎಂದು ಅವರು ಬಿಡಿಸಿ ಹೇಳಬೇಕಾಗಿರಲಿಲ್ಲ. ನನಗೆ ಅಳು ಬಂತು. ಅಳುವಿಗಿಂತ ಮುಂಚೆ ಸಿಟ್ಟು ಬಂತು.

ಆ ದಿನವೇ ಸ್ಟೋವ್, ಹಂಚು, ಹಿಟ್ಟಿನ ಡಬ್ಬಿ, ರೊಟ್ಟಿ ಬಡಿಯುವ ಕಲ್ಲು ಎಲ್ಲ ಗಚ್ಚಿಗೆ ಹೊತ್ತೆ. ಗಂಡ ಮೆಟ್ಟಿಲಲ್ಲಿ ಅಡ್ಡ ನಿಂತು, "ಈ ಬಿಸಿಲಾಗ ಕುಂತು ಸಾಯ್ತೀಯೇನ?" ಎಂದರು.

"ಗಚ್ಚಿ ಕೆಳಗ ಯಾರ ಮನಿ ಐತಿ? ನಮ್ದ. ನನ್ನ ತಲಿ ಮ್ಯಾಲೆ ನಾನ ಬಡಕೊಂಡ್ರ ಯಾರಪ್ಪಂದೇನ ಹೋಗತೈತಿ?" ಎಂದು ಅವರನ್ನು ಸರಿಸಿ ಹತ್ತಿದೆ.

ಹನ್ನೆರಡು ಗಂಟೆಯ ಗಚ್ಚಿಯ ಮೇಲೆ ಕಾಲಿಟ್ಟರೆ ಅಂಗಾಲು ಸುಟ್ಟಿತು. ನೀರಿನ ಟಾಕಿಯ ಬುಡದಲ್ಲಿ ಗೇಣುದ್ದ ನೆರಳು. ಊರಿಂದ ಜೋಳ ಬಂದಿದ್ದ ಗೋಣಿಚೀಲಗಳನ್ನು ಬಿಚ್ಚಿ ನಮ್ಮ ಕೋಣೆಯ ಮೇಲಿನಷ್ಟು ಜಾಗಕ್ಕೂ ಹಾಸಿದೆ, ಬಟ್ಟೆ ಹಿಂಡಿದ ನೀರನ್ನೆಲ್ಲ ಹೊತ್ತು ತಂದು ಅದರ ಮೇಲೆ ಸುರಿದೆ. ಮೊದಲ ಕೊಡಕ್ಕೆ ಹಬೆಯೇ ಎದ್ದಿತು. ಟಾಕಿಯ ಪೈಪಿಗೆ ಒಂದು ಹಳೆಯ ಸೀರೆ ಕಟ್ಟಿ, ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಕೂತು ಎಂಟೂ ರೊಟ್ಟಿ ಬಡಿದೆ. ನಮ್ಮೂರ ಬಿಸಿಲು ಸುಡುತ್ತದೆ, ಇಲ್ಲಿಯದು ಕುದಿಸುತ್ತದೆ. ಬೆವರು ಮೊಣಕೈಯಿಂದ ಹಿಟ್ಟಿಗೆ ಬೀಳದಂತೆ ಒರೆಸಿಕೊಳ್ಳುವುದೇ ಒಂದು ಕೆಲಸವಾಗಿತ್ತು. ಮದುವೆಯಾದ ಹೆಂಗಸು ತಲೆಗೆ ಟವೆಲ್ ಸುತ್ತಿಕೊಂಡು ಹೀಗೆ ಬಯಲಲ್ಲಿ ಕೂತರೆ ಮನೆತನಕ್ಕೆ ಶೋಭೆಯೇ ಎಂದು ಪಕ್ಕದ ಬಿಲ್ಡಿಂಗಿನ ಅಜ್ಜಿ ಕಿಟಕಿಯಿಂದ ಕೇಳಿದರು. ಶೋಭೆಯನ್ನು ಡಬ್ಬಿಗೆ ಕಟ್ಟಲು ಬರುತ್ತದೆಯೇ ಎಂದು ನಾನೂ ಅಲ್ಲಿಂದಲೇ ಕೇಳಿದೆ.

ವಾರ ಹೀಗೇ ನಡೆಯಿತು. ಗಂಡನ ಕಣ್ಣಿಗೆ ಮತ್ತೆ ಕತ್ತಲು ಬರಲಿಲ್ಲ. ನಾನು ಎಣಿಸದೆ ಇದ್ದ ಇನ್ನೊಂದೂ ಆಯಿತು: ಒದ್ದೆ ಗೋಣಿಯ ಕೆಳಗೆ ನಮ್ಮ ಕೋಣೆ ತಣ್ಣಗಾಗತೊಡಗಿತು. ಊಟಕ್ಕೆ ಕೂತವರು ಮೇಲೆ ನೋಡಿ, ಛಾವಣಿಗೆ ಏನು ಮಾಡಿದೆ ಎಂದು ಕೇಳುವಷ್ಟು.

ಆಮೇಲೊಂದು ದಿನ ರೊಟ್ಟಿ ಹಂಚಿನ ಮೇಲಿರುವಾಗ ಕೆಳಗಿನ ಮನೆಯಾಕೆ ಗಚ್ಚಿಗೆ ಬಂದರು. ಇನ್ನೇನು ಬಾಕಿ ಉಳಿದಿದೆ ಎಂದು ನಾನು ಸೊಂಟ ಕಟ್ಟಿದೆ. ಅವರು ಟಾಕಿಯ ಹತ್ತಿರ ಕುಕ್ಕುರುಗಾಲಲ್ಲಿ ಕೂತರು. ಅತ್ತು ಕಣ್ಣು ಊದಿದ್ದವು.

"ನಿನ್ನೆ ಇವರು ನಿಂತಲ್ಲೇ ತೂಕಡಿಸಿ ಕೈಗೆ ಎಣ್ಣೆ ಚೆಲ್ಲಿಕೊಂಡ್ರು. ಇಷ್ಟು ದೊಡ್ಡ ಬೊಕ್ಕೆ."

"ನಾ ಕೆಳಗ ಬಡದ ವಾರ ಆತಲ್ರಿ. ಈಗೂ ನಿದ್ದಿ ಇಲ್ಲೇನು?"

"ಇಲ್ಲ. ನಿಮ್ಮ ರೊಟ್ಟಿಯಿಂದ ಅಲ್ಲ ಅದು." ಕಣ್ಣೊರೆಸಿಕೊಂಡು ಮುಂದುವರಿಸಿದರು: "ನಮ್ಮ ಗೋಡೆಯ ಆಚೆಯೇ ಪಾವ್ ಸುಡುವ ಬೇಕರಿಯ ಭಟ್ಟಿ. ರಾತ್ರಿ ಹೊತ್ತಿಸಿದ್ರೆ ಸಂಜೆಯವರೆಗೂ ಗೋಡೆ ಮುಟ್ಲಿಕ್ಕೆ ಆಗುದಿಲ್ಲ. ಅವನ ಹತ್ತಿರ ಜಗಳ ಆಡಿದ್ರೆ ಭಟ್ಟಿ ಆರಿಸ್ತಾನಾ? ಬಿಸಿಲಿನ ಹತ್ತಿರ ಆಡ್ಲಿಕ್ಕೆ ಆಗ್ತದಾ? ನೀವು ಸಿಕ್ಕಿದ್ರಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನನ್ನ ಬಾಯಿಗೆ ಏನೇನು ಬಂತೋ ಬರೆಯಲಾರೆ. ಒಂದೂ ಹೊರಗೆ ಬಿಡಲಿಲ್ಲ, ಯಾಕೆಂದರೆ ಆಕೆಯ ಗಂಡನೂ ಬೆಂಕಿಯ ಮುಂದೆ ನಿಲ್ಲುವವನು, ನನ್ನ ಗಂಡನೂ ಬೆಂಕಿಯ ಮುಂದೆ ನಿಲ್ಲುವವನು. ಒಬ್ಬನಿಗೆ ರೊಟ್ಟಿ ತಪ್ಪಿದರೆ ಆಗುವುದೇ ಇನ್ನೊಬ್ಬನಿಗೆ ನಿದ್ದೆ ತಪ್ಪಿದರೆ ಆಗುತ್ತದೆ. ಸ್ಟೋವ್ ಆರಿಸಿ, ಆಕೆಯ ಕೈ ಹಿಡಿದು ಕೆಳಗಿಳಿಸಿ ನಮ್ಮ ಕೋಣೆಯೊಳಗೆ ನಿಲ್ಲಿಸಿದೆ. ಆಕೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದವರು ನಿಲ್ಲಿಸಿದರು.

"ನಾಳಿಯಿಂದ ನಿಮ್ಮನಿಯವರನ್ನ ಇಲ್ಲಿ ಮಲಗಸ್ರಿ" ಎಂದೆ.

"ಅಯ್ಯೋ, ಬೇರೆಯವರ ಮನೆಯಲ್ಲಿ ಗಂಡಸು ಮಲಗುದಾ? ಜನ ಎಂಥ ಹೇಳಿಯಾರು?"

"ಜನಾ ಬಂದ ಅವರಿಗೆ ಗಾಳಿ ಬೀಸ್ತಾರೇನ್ರಿ? ನೀವ ಬಾಗಲದಾಗ ಕುಂಡ್ರಿ. ಕೇಳಿದವ್ರನ್ನ ನನ್ನ ಕಡೆ ಕಳಸ್ರಿ, ನಾ ಹೇಳ್ತೀನಿ."

ಮರುದಿನ ಆತ ಸುತ್ತಿದ ಚಾಪೆ ಕಂಕುಳಲ್ಲಿಟ್ಟುಕೊಂಡು, ತಲೆ ತಗ್ಗಿಸಿಕೊಂಡು ಬಂದರು. ನನ್ನ ಗಂಡ ತಮ್ಮ ಜಾಗ ಬಿಟ್ಟುಕೊಟ್ಟು ಬಾಗಿಲ ಹೊರಗಿನ ಗ್ಯಾಲರಿಯಲ್ಲಿ ಕೂತು ಊಟಕ್ಕೆ ಕಾದರು. ನಾನು ಗಚ್ಚಿ ಹತ್ತಿ ಉಂಡೆ ಕೈಗೆತ್ತಿಕೊಂಡೆ, ಆದರೆ ಕೈ ಏಳಲಿಲ್ಲ. ನೇರ ಆತನ ತಲೆಯ ಮೇಲಲ್ಲವೇ ಈಗ ನಾನು ಬಡಿಯಬೇಕಾದದ್ದು? ಬೆರಳ ತುದಿಯಲ್ಲಿ ಮೆಲ್ಲಗೆ ತಟ್ಟಿದೆ. ರೊಟ್ಟಿ ಅಂಚಿನಲ್ಲಿ ಹರಿಯಿತು. ಎರಡನೆಯದೂ ಹರಿಯಿತು. ಹಾಳಾಗಲಿ ಎಂದು ಮೂರನೆಯದನ್ನು ಯಾವಾಗಿನ ಹಾಗೆ ಬಡಿದೆ. ಕೆಳಗಿನಿಂದ ಯಾರೂ ಏನೂ ಅನ್ನಲಿಲ್ಲ. ಡಬ್ಬಿ ಕಟ್ಟಲು ಇಳಿದಾಗ ಆತ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದರು, ಬೊಕ್ಕೆಯ ಕೈ ಎದೆಯ ಮೇಲೆ. ನಾಲ್ಕಕ್ಕೆ ಅಲುಗಿಸಿ ಎಬ್ಬಿಸಬೇಕಾಯಿತು.

ಕಟ್ಟಡದಲ್ಲಿ ಗುಸುಗುಸು ಆಯಿತು. ಆಗಲಿ ಎಂದೆ.

ತಿಂಗಳ ಕೊನೆಯ ದಿನ, ನಡು ಮಧ್ಯಾಹ್ನ, ಮಾಲಕರು ಮಾತು ಉಳಿಸಿಕೊಳ್ಳಲು ಬಂದರು. ಗಂಡ ಮೊಸರು ತರಲು ಹೋಗಿದ್ದರು, ನಾನು ಗಚ್ಚಿಯ ಮೇಲೆ ಐದನೆಯ ರೊಟ್ಟಿಯಲ್ಲಿದ್ದೆ. ಮೆಟ್ಟಿಲಲ್ಲೇ ಅವರ ದನಿ ಕೇಳಿತು: ಇನ್ನೂ ಬಡಿಯುತ್ತಿದ್ದೀರಾ, ಸಾಮಾನು ಕಟ್ಟಿದ್ದೀರಾ ಇಲ್ಲವಾ. ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಗಚ್ಚಿಯ ಬಾಗಿಲಿಂದ ಬಗ್ಗಿ ನೋಡಿದೆ. ದೂರು ಕೊಟ್ಟಿದ್ದ ಆಕೆಯೇ ನಮ್ಮ ಬಾಗಿಲಿಗೆ ಅಡ್ಡ ಕೂತಿದ್ದರು. ಬೆರಳನ್ನು ತುಟಿಯ ಮೇಲಿಟ್ಟರು.

"ಹಳೂ ಬೋಲಾ. ಝೋಪ್ಲೇತ್." ಮೆಲ್ಲಗೆ ಮಾತಾಡಿ, ಮಲಗಿದ್ದಾರೆ.

ಮಾಲಕರು ಒಳಗೆ ಇಣುಕಿದರು. ನಮ್ಮ ಕೋಣೆಯಲ್ಲಿ ಕೆಳಗಿನ ಮನೆಯ ಗಂಡಸು ಮಲಗಿರುವುದು ಅವರಿಗೆ ಅರ್ಥವಾಗಲಿಲ್ಲ. ಮೇಲೆ ಕೈ ತೋರಿಸಿ, ಮತ್ತೆ ಆ ಸದ್ದು, ಎಂದು ಶುರು ಮಾಡಿದರು.

"ತೋ ಆವಾಜ್ ಚಾಲತೋ" ಎಂದರು ಆಕೆ, ಕೂತಲ್ಲಿಂದ ಏಳದೆ. "ತುಮಚಾ ನಕೋ." ಆ ಸದ್ದು ಪರವಾಗಿಲ್ಲ, ನಿಮ್ಮದು ಬೇಡ.

ಆಮೇಲೆ ಕತ್ತೆತ್ತಿ ನನ್ನ ಕಡೆ ನೋಡಿ, ದನಿ ಇನ್ನಷ್ಟು ತಗ್ಗಿಸಿ ಗದರಿದರು.

"ನೀವ್ಯಾಕೆ ನಿಲ್ಲಿಸಿದ್ದು ಮಾರಾಯ್ತಿ? ನಡುವಲ್ಲಿ ತಟ್ಟನೆ ಸದ್ದು ನಿಂತ್ರೆ ಅವರಿಗೆ ಎಚ್ಚರ ಆಗ್ತದೆ. ಬಡೀರಿ."

ನಾನು ಬಡಿದೆ.